ಎರಡು ಗಾಜುಗಳ ನಡುವಿನ ಮಂಜು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶಿವಮೊಗ್ಗದಿಂದ ನಮ್ಮ ಆಪಾ ಫೋನು ಮಾಡಿದರು. "ಕಿಟಕಿಗೆ ಮೋತಿಯಾ ಬಂದಿದೆ, ಬಂದು ನೋಡು" ಎಂದರು. ಮೋತಿಯಾ ಎಂದರೆ ಕಣ್ಣಿನ ಪೊರೆ. ಹೋಗಿ ನೋಡಿದರೆ ಅವರ ಮಾತು ಸುಳ್ಳಾಗಿರಲಿಲ್ಲ. ರಸ್ತೆಯ ಸದ್ದು ತಡೆಯಲೆಂದು, ಮಗ ದಮ್ಮಾಮಿನಿಂದ ಕಳಿಸಿದ ದುಡ್ಡಿನಲ್ಲಿ ಹಾಕಿಸಿದ್ದ ಜೋಡಿ ಗಾಜಿನ ಕಿಟಕಿ ಅದು. ಒಂಬತ್ತು ವರ್ಷಗಳ ಹಿಂದೆ ಅದನ್ನು ಕೂರಿಸಿದ ದಿನ ನೆರೆಹೊರೆಯವರೆಲ್ಲ ಬಂದು, ತೆರೆದು, ಮುಚ್ಚಿ, "ಲಾರಿಯ ಸದ್ದೇ ಇಲ್ಲವಲ್ಲ" ಎಂದು ಬೆರಗಾಗಿ ಹೋಗಿದ್ದರು. ಈಗ ಅದರ ನಟ್ಟನಡುವೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು. ಒಳಗಿನಿಂದ ಒರೆಸಿದರೂ ಹೋಗದು, ಹೊರಗಿನಿಂದ ಒರೆಸಿದರೂ ಹೋಗದು.

ಮಾರಿದವರ ಕಡೆಯಿಂದ ಬಂದ ಹುಡುಗ ಎರಡು ನಿಮಿಷ ನೋಡಿ, ಇದು ರಿಪೇರಿಯಾಗುವುದಿಲ್ಲ, ಚೌಕಟ್ಟು ಸಮೇತ ಮೂರೂ ಕಿಟಕಿ ಬದಲಿಸಬೇಕು ಎಂದು ಹೇಳಿ, ದೊಡ್ಡ ಮೊತ್ತವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗಿದ್ದ. ಆಪಾ ಆ ಚೀಟಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ನಾವು ಗಾಂಧಿ ಬಜಾರಿನ ಕಡೆಯ ಓಣಿಯೊಂದರಿಂದ ಗಾಜಿನಂಗಡಿಯ ಚಾಚಾರನ್ನು ಕರೆತಂದೆವು. ಎಪ್ಪತ್ತರ ಹತ್ತಿರದ ಆ ಹಿರಿಯರು ಕನ್ನಡಕ ಏರಿಸಿಕೊಂಡು ಗಾಜಿನ ಅಂಚಿನ ಸುತ್ತಲೂ ಬೆರಳು ಆಡಿಸಿದರು. ಕೆಳಗಿನ ಮೂಲೆಯಲ್ಲಿ ಬೆರಳು ನಿಂತಿತು. "ಶೀಶಾ ನೈ ಬಿಗ್ಡ್ಯಾ ಬೇಟಾ, ಜೋಡ್ ಬಿಗ್ಡ್ಯಾ" ಎಂದರು. ಕೆಟ್ಟಿರುವುದು ಗಾಜಲ್ಲ, ಅದರ ಜೋಡಣೆ.

ಈ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಜೋಡಣೆ ಕೆಟ್ಟರೆ ಇಡೀ ಕಿಟಕಿಯನ್ನೇ ಕಿತ್ತು ಎಸೆಯಬೇಕೆಂಬ ನ್ಯಾಯ ನಮ್ಮ ಊರಿಗೆ ಎಂದಿನಿಂದ ಬಂತು? ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎಂದು ಎಲ್ಲರೂ ಕರೆಯುತ್ತಾರೆ. ಆ ಹೆಬ್ಬಾಗಿಲಿನ ಊರಿನ ಕಿಟಕಿಗಳ ಚರಿತ್ರೆಯನ್ನು ಯಾರೂ ಅಷ್ಟಾಗಿ ಕೇಳಿಲ್ಲ. ಚಾಚಾ ತೋರಿಸಿದ ಆ ಮೂಲೆಯಿಂದಲೇ ಅದನ್ನು ಹಿಂದಕ್ಕೆ ಓದಿಕೊಂಡು ಹೋಗುವುದು ನಮ್ಮ ಉದ್ದೇಶ.

ಕಣ್ಣು, ಗಾಳಿ, ಬೆಳಕು

ಸಂಸ್ಕೃತದ ಗವಾಕ್ಷ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ವಿಂಡೋ ಉತ್ತರ ಯುರೋಪಿನ ಹಳೆಯ ಭಾಷೆಯೊಂದರಿಂದ ಬಂದದ್ದು. ಅದರ ಅರ್ಥ ಗಾಳಿಯ ಕಣ್ಣು. ನಮ್ಮ ಮನೆಗಳ ಉರ್ದುವಿನಲ್ಲಿ ಗೋಡೆಯ ಮೇಲ್ಭಾಗದ ಸಣ್ಣ ಕಿಂಡಿಗೆ ರೋಶನ್‌ದಾನ್ ಎನ್ನುತ್ತಾರೆ. ಬೆಳಕನ್ನು ಹಿಡಿದಿಡುವ ಪಾತ್ರೆ ಎಂದ ಹಾಗೆ. ಕನ್ನಡದಲ್ಲಿ ಅದಕ್ಕೆ ಬೆಳಕಿಂಡಿ ಎಂಬ ಚೆಂದದ ಹೆಸರಿದೆ. ಒಬ್ಬರು ಕಣ್ಣನ್ನು ಕಂಡರು, ಒಬ್ಬರು ಗಾಳಿಯನ್ನು, ಒಬ್ಬರು ಬೆಳಕನ್ನು. ಈ ಹಳೆಯ ಹೆಸರುಗಳಲ್ಲಿ ಒಂದರಲ್ಲೂ ಗಾಜಿನ ಮಾತಿಲ್ಲ.

ಹಾಗೆಂದು ಗಾಜು ಆ ಕಾಲದವರಿಗೆ ಗೊತ್ತಿರಲಿಲ್ಲವೆಂದಲ್ಲ. ಕುರ್‌ಆನಿನ ನೂರ್ ಅಧ್ಯಾಯದಲ್ಲಿ ದೇವರ ಬೆಳಕಿಗೆ ಕೊಟ್ಟ ಹೋಲಿಕೆಯಲ್ಲಿ ಗೋಡೆಯ ಗೂಡು, ಅದರೊಳಗೆ ದೀಪ, ದೀಪಕ್ಕೆ ಗಾಜು ಎಲ್ಲವೂ ಬರುತ್ತವೆ. ಆದರೆ ಆ ಗಾಜು ದೀಪದ್ದು, ಕಿಟಕಿಯದಲ್ಲ. ಗೋಡೆಗೆ ಹಾಕುವಷ್ಟು ದೊಡ್ಡದಾಗಿ, ಚಪ್ಪಟೆಯಾಗಿ, ಅಗ್ಗವಾಗಿ ಗಾಜು ಮಾಡುವುದು ಬಹಳ ತಡವಾಗಿ ಬಂದ ವಿದ್ಯೆ.

ಅದಕ್ಕೆ ಮೊದಲು ನಮ್ಮ ನಾಡು ಗಾಳಿ ಬೆಳಕಿಗೆ ಬೇರೆ ದಾರಿ ಹುಡುಕಿಕೊಂಡಿತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮಂಟಪಕ್ಕೆ ಆಮೇಲೆ, ಎರಡನೆಯ ಬಲ್ಲಾಳನ ಕಾಲದಲ್ಲಿ, ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದರು. ಕಲ್ಲನ್ನು ಬಲೆಯಂತೆ ಕೊರೆದು, ಬಿಸಿಲನ್ನು ಚೂರು ಚೂರು ಮಾಡಿ ಒಳಗೆ ಬಿಡುವ ಕೆಲಸ ಅದು. ಮಸೀದಿಗಳಲ್ಲಿ, ದರ್ಗಾಗಳಲ್ಲಿ ಜಾಲಿ ಎಂದು ಕರೆಯುವುದೂ ಅದೇ ಕೆಲಸವನ್ನು. ಹೆಸರು ಬೇರೆಯಾದರೂ ಉಳಿ ಒಂದೇ.

ಬಡವರ, ಮಧ್ಯಮದವರ ಮನೆಗೆ ಕಲ್ಲಿನ ಜಾಲಿ ಎಲ್ಲಿಂದ ಬರಬೇಕು? ಮಲೆನಾಡಿನ ಹಳೆಯ ಮನೆಗಳ ಕಿಟಕಿ ಚಿಕ್ಕದು, ಗೋಡೆ ದಪ್ಪ. ಮರದ ದಾರಂದ, ಅದರಲ್ಲಿ ನಿಲ್ಲಿಸಿದ ಮರದ ಸರಳುಗಳು, ಒಳಗಡೆ ಎರಡು ಮರದ ಬಾಗಿಲು. ಮಳೆ ಹೊಡೆದರೆ ಮುಚ್ಚಬೇಕು, ಮುಚ್ಚಿದರೆ ಕತ್ತಲೆ. ಆದರೆ ಆ ಕಿಟಕಿಗೆ ಒಂದು ಗುಣವಿತ್ತು. ಒಂದು ಸರಳು ಗೆದ್ದಲು ಹಿಡಿದರೆ ಆಚಾರಿ ಬಂದು ಅದೊಂದನ್ನೇ ಹೊಡೆದು ತೆಗೆದು ಬೇರೆ ಹಾಕುತ್ತಿದ್ದ. ಬಾಗಿಲು ಜೋತರೆ ಕೀಲು ಬಿಚ್ಚಿ ಚಕ್ಕೆ ಇಟ್ಟು ಮೇಲೆತ್ತುತ್ತಿದ್ದ. ಕಟ್ಟಿದವನ ಕೈಗೂ ರಿಪೇರಿ ಮಾಡುವವನ ಕೈಗೂ ವ್ಯತ್ಯಾಸವಿರಲಿಲ್ಲ.

ಬೆಂಕಿಪುರದ ಕಬ್ಬಿಣ

ಮರದ ಸರಳಿನ ಜಾಗಕ್ಕೆ ಕಬ್ಬಿಣ ಬಂದ ಕಥೆ ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ಕಥೆಯೂ ಹೌದು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾ ನದಿಯ ದಡದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. ಅದರ ಮೊದಲ ಹೆಸರಿನಲ್ಲೇ ಕಾಡು ಇತ್ತು: ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ, ಬಾಬಾಬುಡನ್ ಗಿರಿ ಸಾಲಿನ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದರು. 1923ರಲ್ಲಿ ಕುಲುಮೆ ಹೊತ್ತಿತು. ಕಾಡಿನ ಮರ ಸುಟ್ಟು ಬಂದ ಕಬ್ಬಿಣ ಮುಂದೆ ಅದೇ ಮರದ ಜಾಗಕ್ಕೆ ಹೋಗಿ ಕುಳಿತದ್ದು ವಿಚಿತ್ರವಾದರೂ ನಿಜ.

1926ರಿಂದ 1941ರ ತನಕ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಭದ್ರಾವತಿ ಬೆಳೆಯಿತು. 1936ರಲ್ಲಿ ಉಕ್ಕಿನ ವಿಭಾಗ ಸೇರಿಕೊಂಡಿತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಉಕ್ಕನ್ನು ಸರಳು, ಪಟ್ಟಿಗಳಾಗಿ ಉರುಳಿಸತೊಡಗಿದ ಮೇಲೆ ಕಿಟಕಿಗೆ ಕಬ್ಬಿಣದ ಸರಳು ಸಾಮಾನ್ಯರ ಕೈಗೆ ಎಟುಕುವ ವಸ್ತುವಾಯಿತು. ನ್ಯೂಟೌನ್, ಪೇಪರ್‌ಟೌನ್ ಎಂದು ಎರಡು ಊರುಗಳೇ ಎದ್ದವು. ತಮಿಳು, ತೆಲುಗು, ಮಲಯಾಳ, ಉರ್ದು, ಕನ್ನಡ ಮಾತಾಡುವ ಕಾರ್ಮಿಕರು ಒಂದೇ ಸಾಲಿನ ಕ್ವಾರ್ಟರ್ಸುಗಳಲ್ಲಿ ಒಂದೇ ಅಳತೆಯ ಕಿಟಕಿಗಳ ಹಿಂದೆ ಸಂಸಾರ ಹೂಡಿದರು.

ಆ ಕಿಟಕಿಗಳಲ್ಲಿ ಗಾಜು ಇತ್ತು. ಅಂದಿನ ಗಾಜಿನಲ್ಲಿ ಬಹುಪಾಲು ಹೊರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಹಳೆಯ ಮನೆಗಳವರು ಈಗಲೂ ಬಣ್ಣದ ಗಾಜಿಗೆ ಬೆಲ್ಜಿಯಂ ಗಾಜು ಎನ್ನುವುದು ಅದಕ್ಕೇ. ಗಾಜನ್ನು ಚೌಕಟ್ಟಿನಲ್ಲಿ ನಿಲ್ಲಿಸುತ್ತಿದ್ದದ್ದು ಲಪ್ಪ. ಅಗಸೆ ಎಣ್ಣೆಗೆ ಸೀಮೆಸುಣ್ಣದ ಪುಡಿ ಕಲಸಿ ರೊಟ್ಟಿಯ ಹಿಟ್ಟಿನಂತೆ ನಾದಿ ಅಂಚಿಗೆ ಒತ್ತುವುದು. ನಮ್ಮ ಚಾಚಾರ ತಂದೆ ಭದ್ರಾವತಿಯ ಕ್ವಾರ್ಟರ್ಸುಗಳಲ್ಲಿ ಈ ಕೆಲಸ ಮಾಡುತ್ತಿದ್ದರಂತೆ. ಸೈಕಲ್ಲಿನ ಹಿಂದೆ ಗೋಣಿ ಸುತ್ತಿದ ಗಾಜು, ಜೇಬಿನಲ್ಲಿ ವಜ್ರದ ಮೊನೆಯ ಕಟ್ಟರ್, ಡಬ್ಬಿಯಲ್ಲಿ ಲಪ್ಪ. ಹುಡುಗರ ಚೆಂಡಿಗೆ ಗಾಜು ಒಡೆದರೆ ಹಳೆಯ ಲಪ್ಪವನ್ನು ಉಳಿಯಿಂದ ಕೆತ್ತಿ, ಸಣ್ಣ ಮೊಳೆ ಹೊಡೆದು, ಹೊಸ ಗಾಜು ಇಟ್ಟು, ಲಪ್ಪ ಒತ್ತಿ ಒಂದು ಗಂಟೆಯೊಳಗೆ ಮುಂದಿನ ಮನೆಗೆ ಹೋಗುತ್ತಿದ್ದರು. ಚಾಚಾ ಚಿಕ್ಕವರಾಗಿದ್ದಾಗ ಲಪ್ಪ ನಾದುವುದೇ ಅವರ ಪಾಲಿನ ಕೆಲಸ. "ಲಪ್ಪ ಒಣಗಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಕಂಡ ಕೂಡಲೇ ಸರಿ ಮಾಡುತ್ತಿದ್ದೆವು. ಈಗಿನದರಲ್ಲಿ ಕೆಡುವುದು ಒಳಗೆ" ಎಂದು ಅವರು ಆಪಾರ ಕಿಟಕಿಯ ಮುಂದೆ ನಿಂತು ಹೇಳಿದರು.

ಚಳಿದೇಶದ ಕಿಟಕಿ, ಕೊಲ್ಲಿಯ ದಾರಿ

ಈಗಿನ ಕಿಟಕಿ ಎಲ್ಲಿಂದ ಬಂತೆಂದು ನೋಡೋಣ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದು ಕಿಟಕಿಯ ಹೊರಗೆ ಇನ್ನೊಂದು ಕಿಟಕಿ ಹಾಕುವ ರೂಢಿ ಹಳೆಯದು. ಎರಡು ಗಾಜುಗಳನ್ನೇ ಅಂಚಿನಲ್ಲಿ ಒಂದಕ್ಕೊಂದು ಬಂಧಿಸಿ, ನಡುವೆ ಗಾಳಿಯನ್ನು ಸೆರೆ ಹಿಡಿಯುವ ಉಪಾಯಕ್ಕೆ ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ ಎಂಬಾತ 1865ರಲ್ಲಿ ಪೇಟೆಂಟ್ ಪಡೆದ. ಇದರ ತತ್ವ ನಮಗೆ ಹೊಸದಲ್ಲ. ರಜಾಯಿಯಲ್ಲಿ ನಮ್ಮನ್ನು ಬೆಚ್ಚಗಿಡುವುದು ಹತ್ತಿಗಿಂತ ಹೆಚ್ಚಾಗಿ ಹತ್ತಿಯೊಳಗೆ ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ. ಇಪ್ಪತ್ತನೆಯ ಶತಮಾನದ 30ರ ದಶಕದಲ್ಲಿ ಇಂಥ ಗಾಜು ಅಮೆರಿಕದ ಮಾರುಕಟ್ಟೆಗೆ ಬಂತು. 1959ರಲ್ಲಿ ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ ಉಬ್ಬುತಗ್ಗಿಲ್ಲದ ಗಾಜು ಅಗ್ಗವಾಯಿತು.

ಆದರೆ ಜೋಡಿ ಗಾಜು ಯುರೋಪಿನ ಮನೆಮನೆಗೆ ಹೋಗಲು ಮುಖ್ಯ ಕಾರಣ ಗಾಜಲ್ಲ, ಎಣ್ಣೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು, ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು. ಮನೆ ಬೆಚ್ಚಗಿಡಲು ಎಣ್ಣೆ ಸುಡುತ್ತಿದ್ದ ದೇಶಗಳು ಕಿಟಕಿಯಿಂದ ಸೋರುವ ಶಾಖದ ಲೆಕ್ಕ ಹಾಕತೊಡಗಿದವು. ಪಶ್ಚಿಮ ಜರ್ಮನಿಯಂತೂ 1977ರಲ್ಲಿ ಕಟ್ಟಡಗಳ ಶಾಖ ಉಳಿಸಲು ನಿಯಮವನ್ನೇ ತಂದಿತು.

ಅದೇ ಎಣ್ಣೆಯ ಬೆಲೆ ಇನ್ನೊಂದು ಕಡೆ ಇನ್ನೊಂದು ಕೆಲಸ ಮಾಡಿತು. ಕೊಲ್ಲಿಯಲ್ಲಿ ದುಡ್ಡು ಹರಿಯಿತು, ಗೋಪುರಗಳು ಎದ್ದವು, ಕಟ್ಟುವ ಕೈಗಳಿಗೆ ಬೇಡಿಕೆ ಬಂತು. ನಮ್ಮ ಓಣಿಗಳ ಬಡಗಿಗಳು, ವೆಲ್ಡರುಗಳು, ಗಾಜಿನವರ ಮಕ್ಕಳು ಪಾಸ್‌ಪೋರ್ಟ್ ಮಾಡಿಸಿಕೊಂಡು ಬೊಂಬಾಯಿಯ ದಾರಿ ಹಿಡಿದರು. ನಮ್ಮ ಚಾಚಾ 1979ರಲ್ಲಿ ಶಾರ್ಜಾಕ್ಕೆ ಹೋದವರು. ಹದಿನಾಲ್ಕು ವರ್ಷ ಅಲ್ಲಿ ಮಾಡಿದ್ದು ಒಂದೇ ಕೆಲಸ: ಅಲ್ಯೂಮಿನಿಯಂ ಚೌಕಟ್ಟಿಗೆ ಗಾಜು ಕೂರಿಸುವುದು. ಮರುಭೂಮಿಯ ಬಿಸಿಲು ಹೊರಗೆ, ಏಸಿಯ ತಂಪು ಒಳಗೆ. ಚಳಿಗೆಂದು ಹುಟ್ಟಿದ ಜೋಡಿ ಗಾಜು ಅಲ್ಲಿ ಸೆಕೆಗೆ ಅಡ್ಡ ನಿಂತಿತ್ತು. ಯುರೋಪಿಗೆ ಈ ಕಿಟಕಿಯನ್ನು ಕೊಟ್ಟ ಬೆಲೆಯೇರಿಕೆ ಶಿವಮೊಗ್ಗಕ್ಕೆ ಅದರ ಕಸುಬುದಾರನನ್ನು ಕೊಟ್ಟಿತು. ಕಿಟಕಿ ಬರುವ ಮೊದಲೇ ಅದನ್ನು ಬಲ್ಲ ಕೈ ನಮ್ಮ ಊರಿಗೆ ಮರಳಿತ್ತು.

ಕಿಟಕಿ ಬಂದದ್ದು ನಿಧಾನವಾಗಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಒಳ್ಳೆಯ ಮರ ದುಬಾರಿಯಾಯಿತು. ಮಲೆನಾಡಿನಲ್ಲೇ ಸಾಗುವಾನಿ ಕಿಟಕಿ ಶ್ರೀಮಂತರ ಪಾಲಾಯಿತು. ಆ ಜಾಗಕ್ಕೆ ಅಲ್ಯೂಮಿನಿಯಂ ಬಂತು, ಹಿಂದೆಯೇ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್. 2000ದಲ್ಲಿ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ದೊಡ್ಡ ಫ್ಲೋಟ್ ಗಾಜಿನ ಕಾರ್ಖಾನೆ ಶುರುವಾದದ್ದು ದಕ್ಷಿಣದಲ್ಲಿ ಗಾಜಿನ ವ್ಯಾಪಾರವನ್ನೇ ಬದಲಿಸಿತು. 2007ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ ಹೊರಡಿಸಿದ ಮೇಲೆ ಜೋಡಿ ಗಾಜಿನ ಮಾತು ಎಂಜಿನಿಯರುಗಳ ಬಾಯಿಗೆ ಬಂತು. ಬೆಂಗಳೂರಿನ ಕಚೇರಿಗಳಿಂದ ಇಳಿದು ನಮ್ಮ ಬಿ.ಎಚ್. ರಸ್ತೆಯ, ವಿನೋಬನಗರದ ಮನೆಗಳಿಗೂ ಅದು ತಲುಪಿತು.

ಕೆಡುವುದು ಹೇಗೆ, ಸರಿಯಾಗುವುದು ಹೇಗೆ

ಚಾಚಾ ಅಂದು ಆಪಾರ ಮನೆಯಲ್ಲಿ ಕುಳಿತು ಹೇಳಿದ್ದನ್ನು ನಾವು ಬರೆದುಕೊಂಡೆವು. ಇಂಥ ಕಿಟಕಿ ಇರುವವರಿಗೂ ಹಾಕಿಸಬೇಕೆಂದಿರುವವರಿಗೂ ಉಪಯೋಗಕ್ಕೆ ಬರಬಹುದು.

ಎರಡು ಗಾಜುಗಳ ನಡುವೆ, ಅಂಚಿನ ಉದ್ದಕ್ಕೂ ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿಯೊಂದು ಇರುತ್ತದೆ. ಅದರೊಳಗೆ ತೇವ ಹೀರುವ ಸಣ್ಣ ಮಣಿಗಳು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣ ನೆನೆಸಿಕೊಂಡರೆ ಸಾಕು. ಪಟ್ಟಿಗೂ ಗಾಜಿಗೂ ನಡುವೆ ಅಂಟಾದ ರಬ್ಬರಿನಂಥ ಮೊದಲ ಬಂಧ, ಅದರ ಹೊರಗೆ ಗಟ್ಟಿಯಾದ ಎರಡನೆಯ ಬಂಧ. ಈ ಬಂಧಗಳಲ್ಲಿ ಕೂದಲೆಳೆಯಷ್ಟು ದಾರಿಯಾದರೂ ಹೊರಗಿನ ತೇವ ಒಳಗೆ ನುಗ್ಗುತ್ತದೆ. ಮಣಿಗಳು ಹೀರುವಷ್ಟು ದಿನ ಹೀರುತ್ತವೆ. ಅವಕ್ಕೆ ಸಾಕಾದ ದಿನ ಗಾಜಿನ ನಡುವೆ ಮಂಜು ಕಾಣುತ್ತದೆ. ಅಂದರೆ ಮಂಜು ಕಾಣುವ ಎಷ್ಟೋ ಮೊದಲೇ ರೋಗ ಶುರುವಾಗಿರುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಒರೆಸಿ ನೋಡುವುದು. ಒಳಗಿನಿಂದ ಒರೆಸಿದಾಗ ಮಬ್ಬು ಹೋದರೆ ಕಿಟಕಿಯ ತಪ್ಪಿಲ್ಲ. ಮನೆಯೊಳಗಿನ ಆವಿಯ ತಪ್ಪು. ಮಳೆಗಾಲದಲ್ಲಿ ನಾವು ಬಟ್ಟೆಯನ್ನು ಒಳಗೇ ಒಣಗಿಸುತ್ತೇವೆ, ಅಡುಗೆ ಮನೆಯ ಆವಿ ಹೊರಗೆ ಹೋಗದಂತೆ ಕಿಟಕಿ ಬಿಗಿದುಕೊಳ್ಳುತ್ತೇವೆ. ದಿನಕ್ಕೆ ಸ್ವಲ್ಪ ಹೊತ್ತು ಎದುರು ಬದುರು ಕಿಟಕಿ ತೆರೆದಿಟ್ಟರೆ ಅದು ಹೋಗುತ್ತದೆ. ಏಸಿ ಹಾಕಿದ ಕೋಣೆಯ ಗಾಜಿಗೆ ಹೊರಗಡೆ ನೀರು ಕೂತರೆ ಅದೂ ರೋಗವಲ್ಲ. ಮಲೆನಾಡಿನ ತೇವದ ಗಾಳಿ ತಣ್ಣನೆಯ ಗಾಜಿಗೆ ತಾಗಿದ್ದು ಅಷ್ಟೇ. ಎರಡೂ ಕಡೆ ಒರೆಸಿಯೂ ಹೋಗದಿದ್ದರೆ ಮಾತ್ರ ಬಂಧ ಒಡೆದಿದೆ ಎಂದು ತಿಳಿಯಬೇಕು.

ಬಂಧ ಒಡೆದ ಗಾಜನ್ನು ಮನೆಯಲ್ಲಿ ಸರಿ ಮಾಡಲು ಬರುವುದಿಲ್ಲ. ಸಣ್ಣ ತೂತು ಕೊರೆದು ಒಣಗಿಸುವ ಉಪಾಯಗಳಿವೆ. ನೋಟ ತಿಳಿಯಾಗಬಹುದು, ಆದರೆ ಸೆರೆಯಲ್ಲಿದ್ದ ಗಾಳಿಯ ಗುಣ ಪೂರ್ತಿ ಮರಳುವುದಿಲ್ಲ. ಇಷ್ಟು ಮಾತ್ರಕ್ಕೆ ಮಾರುವವರು ಹೇಳುವುದು ಅರ್ಧ ಸತ್ಯ. ಪೂರ್ತಿ ಸತ್ಯವೇನೆಂದರೆ, ಬದಲಿಸಬೇಕಾದದ್ದು ಆ ಗಾಜಿನ ಜೋಡಿಯನ್ನು ಮಾತ್ರ. ಚೌಕಟ್ಟು, ಕೀಲು, ಹಿಡಿ, ಬೀಗ ಎಲ್ಲವೂ ಹಾಗೇ ಇರಬಹುದು. ಗಾಜನ್ನು ಹಿಡಿದಿರುವುದು ನಾಲ್ಕು ಬದಿಯ ಒತ್ತುಪಟ್ಟಿಗಳು. ತೆಳುವಾದ ಚಪ್ಪಟೆ ಅಲಗಿನಿಂದ ಉದ್ದದ ಪಟ್ಟಿಯನ್ನು ಮೊದಲು ನಡುವಿನಿಂದ ಎಬ್ಬಿಸಿದರೆ ಉಳಿದವು ಬಿಡಿಸಿಕೊಳ್ಳುತ್ತವೆ. ಯಾವ ಪಟ್ಟಿ ಎಲ್ಲಿಯದೆಂದು ಗುರುತು ಹಾಕಿಟ್ಟುಕೊಳ್ಳಬೇಕು.

ಅಳತೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅಗಲ, ಎತ್ತರ, ಒಟ್ಟು ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. 5 ಮಿಲಿಮೀಟರಿನ ಎರಡು ಗಾಜು, ನಡುವೆ 12ರ ಜಾಗ ಇದ್ದರೆ ಒಟ್ಟು 22. ದಪ್ಪ ತಪ್ಪಿದರೆ ಒತ್ತುಪಟ್ಟಿ ಕೂರುವುದಿಲ್ಲ. ಗಾಜು ಟಫನ್ ಮಾಡಿದ್ದಾದರೆ ತಯಾರಾದ ಮೇಲೆ ಕೊಯ್ಯಲು ಸಾಧ್ಯವೇ ಇಲ್ಲ; ಅಳತೆ ತಪ್ಪಿದರೆ ದುಡ್ಡು ಹೋದಂತೆ. ಇನ್ನೊಂದು ಎಚ್ಚರಿಕೆ: ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಮೇಲೆ ಹೇಳಿದ ಜೋಡಿ ಚದರ ಮೀಟರಿಗೆ 25 ಕಿಲೋ. ಮಹಡಿಯ ಕಿಟಕಿಯಲ್ಲಿ ಒಬ್ಬರೇ ಕೈ ಹಾಕುವ ಕೆಲಸ ಇದಲ್ಲ.

ಬಂಧ ಏಕೆ ಒಡೆಯಿತು ಎಂದು ನೋಡದೆ ಹೊಸ ಗಾಜು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆಪಾರ ಕಿಟಕಿಯ ಚೌಕಟ್ಟಿನ ಕೆಳಗೆ ಹೊರಗಡೆ ಮೂರು ಸಣ್ಣ ಕಂಡಿಗಳಿದ್ದವು. ಮಳೆ ನೀರು ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹರಿಯಲೆಂದು ಮಾಡಿದ ಕಂಡಿಗಳು ಅವು. ಎರಡರಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮೂರನೆಯದನ್ನು, ನೀರು ಬರುತ್ತಿದೆಯೆಂದು ಭಾವಿಸಿ, ಯಾರೋ ಸಿಲಿಕಾನ್ ಬಳಿದು ಮುಚ್ಚಿಬಿಟ್ಟಿದ್ದರು. ಗಾಜಿನ ಅಂಚು ವರ್ಷಗಟ್ಟಲೆ ನೀರಿನಲ್ಲಿ ನಿಂತಿತ್ತು. ಪ್ರತಿ ಮಳೆಗಾಲಕ್ಕೆ ಮೊದಲು ಒಂದು ತಂತಿ ಹಾಕಿ ಆ ಕಂಡಿಗಳನ್ನು ಬಿಡಿಸಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ. ಗಾಜಿನ ಕೆಳಗೆ ಇಡುವ ಸಣ್ಣ ಪ್ಲಾಸ್ಟಿಕ್ ಚಕ್ಕೆಗಳೂ ಇದಕ್ಕೇ ಬೇಕು. ಅವು ಗಾಜನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತವೆ.

ಉಳಿದ ಕಾಯಿಲೆಗಳು ಸಣ್ಣವು. ಬಾಗಿಲು ಜೋತು ಕೆಳಗೆ ಉಜ್ಜಿದರೆ ಕೀಲಿನ ತಿರುಪು ಬಿಗಿಯಬೇಕು. ಆಗಲೂ ಸರಿಹೋಗದಿದ್ದರೆ ಗಾಜಿನ ಪಕ್ಕದ ಚಕ್ಕೆಗಳನ್ನು, ಕೀಲಿನ ಕಡೆ ಕೆಳಮೂಲೆಗೊಂದು, ಅದರ ಎದುರಿನ ಮೇಲ್ಮೂಲೆಗೊಂದು ಸೇರಿಸಿದರೆ ಬಾಗಿಲು ಮೇಲೇಳುತ್ತದೆ. ಹಳೆಯ ಆಚಾರಿ ಇಡುತ್ತಿದ್ದ ಮರದ ಚಕ್ಕೆಯೇ ಇದು. ಸರಿಯುವ ಕಿಟಕಿ ಬಿಗಿಯಾದರೆ ಹಳಿಯ ಮಣ್ಣು ತೆಗೆದು, ಕೆಳಗಿನ ಗಾಲಿಯ ತಿರುಪು ನೋಡಬೇಕು. ರಬ್ಬರು ಪಟ್ಟಿ ಕುಗ್ಗಿ ಗಾಳಿ ನುಸುಳಿದರೆ ಪಟ್ಟಿಯನ್ನಷ್ಟೇ ಬದಲಿಸಬಹುದು. ಕಬ್ಬಿಣದ ಭಾಗಕ್ಕೆ ತೆಳು ಎಣ್ಣೆ ಸರಿ; ರಬ್ಬರಿಗೆ ಎಣ್ಣೆ ಕೂಡದು, ಅದಕ್ಕೆ ಸಿಲಿಕಾನ್ ಸ್ಪ್ರೇ. ಯುಪಿವಿಸಿಯನ್ನು ಥಿನ್ನರಿನಿಂದ ಉಜ್ಜಬಾರದು. ಸೋಪಿನ ನೀರು ಸಾಕು.

ಹೊಸದಾಗಿ ಹಾಕಿಸುವವರಿಗೆ ಚಾಚಾ ಹೇಳುವ ಮಾತು ವ್ಯಾಪಾರಿಯ ಮಾತಲ್ಲ. ಸದ್ದಿನ ರಸ್ತೆಯಿದ್ದರೆ, ದಿನವಿಡೀ ಏಸಿ ಓಡುವುದಿದ್ದರೆ ಹಾಕಿಸಿ. ಇಲ್ಲದಿದ್ದರೆ ಕಿಟಕಿಯ ಮೇಲೆ ಅಗಲವಾದ ಸಜ್ಜ, ಹೊರಗೊಂದು ಮರದ ನೆರಳು ನಮ್ಮ ಹವೆಗೆ ಹೆಚ್ಚು ಕೆಲಸ ಮಾಡುತ್ತವೆ.

ಕಲ್ಲು ಬಿದ್ದ ದಿನಗಳು

ನಮ್ಮ ಊರಿನ ಕಿಟಕಿಗಳ ಚರಿತ್ರೆಯಲ್ಲಿ ಹೇಳಲು ಮನಸ್ಸಾಗದ, ಆದರೆ ಬಿಡಲೂ ಬಾರದ ಪುಟಗಳಿವೆ. 2010ರ ಮಾರ್ಚ್, 2022ರ ಫೆಬ್ರವರಿ, 2023ರ ಅಕ್ಟೋಬರ್. ಒಮ್ಮೆ ಪತ್ರಿಕೆಯಲ್ಲಿ ಬಂದ ಲೇಖನ, ಒಮ್ಮೆ ಯುವಕನೊಬ್ಬನ ಕೊಲೆ, ಒಮ್ಮೆ ಈದ್ ಮಿಲಾದ್ ಮೆರವಣಿಗೆಯ ದಿನ ರಾಗಿಗುಡ್ಡದಲ್ಲಿ. ಪ್ರತಿ ಸಲವೂ ಶಿವಮೊಗ್ಗದ ಬೀದಿಗಳಲ್ಲಿ ಕಲ್ಲು ತೂರಾಟ, ಆಮೇಲೆ ನಿಷೇಧಾಜ್ಞೆ, ಆಮೇಲೆ ಗಾಜಿನ ಚೂರು ಗುಡಿಸುವ ಹೆಂಗಸರು. ಯಾರ ಮನೆಯ ಗಾಜು ಎಂದು ಲೆಕ್ಕ ಹಾಕುವವರು ಬಹಳ ಮಂದಿ. ಚಾಚಾ ಹಾಕುವ ಲೆಕ್ಕ ಬೇರೆ. ನಿಷೇಧಾಜ್ಞೆ ಸಡಿಲಾದ ಬೆಳಿಗ್ಗೆ ಅವರ ಅಂಗಡಿಗೆ ಎರಡೂ ಕಡೆಯವರು ಬರುತ್ತಾರಂತೆ. ಒಬ್ಬರ ಮುಖ ಒಬ್ಬರು ನೋಡದೆ, ಕೈಯಲ್ಲಿ ಅಳತೆಯ ಚೀಟಿ ಹಿಡಿದು ನಿಲ್ಲುತ್ತಾರಂತೆ. "ನಾನು ಅಳತೆ ಕೇಳುತ್ತೇನೆ, ಮನೆಗೆ ಹೋಗಿ ಹಾಕಿ ಬರುತ್ತೇನೆ. ಅವರೂ ಚಹಾ ಕೊಡುತ್ತಾರೆ" ಎಂದರು. ಅದೇ ಅಂಗಡಿಯ ಗೋಡೆಯಲ್ಲಿ ಫ್ರೇಮು ಹಾಕಿಸಲು ಬಂದ ಮಕ್ಕಾ ಮದೀನಾದ ಪಕ್ಕದಲ್ಲಿ ಧರ್ಮಸ್ಥಳದ ಮಂಜುನಾಥ, ಅದರ ಪಕ್ಕದಲ್ಲಿ ಯಾರದೋ ಮದುವೆಯ ಫೋಟೋ ಒರಗಿ ನಿಂತಿರುತ್ತವೆ.

ಈಚೆಗೆ ಕೆಲವರು ರಸ್ತೆಯ ಕಡೆಗೆ ಲ್ಯಾಮಿನೇಟ್ ಗಾಜು ಕೇಳುತ್ತಾರಂತೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಒಡೆದರೂ ಚೂರು ಸಿಡಿಯುವುದಿಲ್ಲ. ಮಲಗಿದ ಮಗುವಿನ ಮೇಲೆ ಬೀಳುವುದಿಲ್ಲ. ಬೆಳಕಿಗೆಂದು ಹುಟ್ಟಿದ ಕಿಟಕಿಗೆ ಇಂಥ ವಿದ್ಯೆಯೂ ಬೇಕಾಗಿ ಬಂದದ್ದಕ್ಕೆ ನಾವೆಲ್ಲರೂ ತಲೆ ತಗ್ಗಿಸಬೇಕು.

ಬಿಚ್ಚಲು ಬಲ್ಲ ಕೈ

ಭದ್ರಾವತಿಯ ಕಥೆಯೂ ಈಗ ಮಂಜು ಕವಿದದ್ದೇ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ 1989ರಲ್ಲಿ ಸೈಲ್ ಕೈಗೆ ಹೋಗಿ 1998ರಲ್ಲಿ ಅದರಲ್ಲಿ ಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು; ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷದ ಆಗಸ್ಟಿನಲ್ಲಿ ಸರಳು ಉರುಳಿಸುವ ವಿಭಾಗ ಮತ್ತೆ ಸದ್ದು ಮಾಡಿತು. ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ಮೊದಲೇ ನಿಂತಿದ್ದವು. ಎರಡು ಕಾರ್ಖಾನೆಗಳ ಬಗ್ಗೆಯೂ ನಾವು ಕೇಳಿದ್ದು ಆಪಾರ ಮನೆಗೆ ಬಂದ ಹುಡುಗ ಹೇಳಿದ ಮಾತನ್ನೇ: ಹಳೆಯದಾಗಿದೆ, ರಿಪೇರಿಯಾಗುವುದಿಲ್ಲ. ಎಲ್ಲಿ ಕೆಟ್ಟಿದೆ, ಯಾವ ಕಂಡಿ ಮುಚ್ಚಿಹೋಗಿದೆ ಎಂದು ಬೆರಳಾಡಿಸಿ ನೋಡಿದವರು ಕಡಿಮೆ. ಕಾರ್ಖಾನೆಯನ್ನು ಕಿಟಕಿಗೆ ಹೋಲಿಸಿ ಮಾತು ಮುಗಿಸುವುದು ಸರಿಯಲ್ಲವೆಂದು ನಮಗೂ ಗೊತ್ತು. ಬಂಡವಾಳ, ಅದಿರು, ಮಾರುಕಟ್ಟೆ ಎಲ್ಲವೂ ಅಲ್ಲಿವೆ. ಆದರೂ ನೋಡದೆಯೇ ತೀರ್ಪು ಕೊಡುವ ಅಭ್ಯಾಸ ಎರಡು ಕಡೆಯೂ ಒಂದೇ.

ಆಪಾರ ಮೂರು ಕಿಟಕಿಗಳಲ್ಲಿ ಎರಡಕ್ಕೆ ಕಂಡಿ ಬಿಡಿಸಿ, ರಬ್ಬರು ಬದಲಿಸಿದ್ದೇ ಸಾಕಾಯಿತು. ಮಬ್ಬಾದ ಒಂದಕ್ಕೆ ಚಾಚಾ ಅಳತೆ ತೆಗೆದು ಬೆಂಗಳೂರಿನಿಂದ ಗಾಜಿನ ಜೋಡಿ ತರಿಸಿದರು. ಹನ್ನೆರಡು ದಿನ ಆ ಜಾಗಕ್ಕೆ ಪ್ಲೈವುಡ್ ಹೊಡೆದಿತ್ತು. ಒಟ್ಟು ಖರ್ಚು ದಿಂಬಿನ ಕೆಳಗಿದ್ದ ಚೀಟಿಯ ಮೊತ್ತದ ಕಾಲು ಭಾಗವೂ ಆಗಲಿಲ್ಲ. ಗಾಜು ಎತ್ತಿ ಕೂರಿಸಲು ಚಾಚಾರ ಜೊತೆ ಇಬ್ಬರು ಹುಡುಗರು ಬಂದಿದ್ದರು. ಒಬ್ಬ ಅವರ ಮೊಮ್ಮಗ, ಇನ್ನೊಬ್ಬ ಭದ್ರಾವತಿಯ ಜನ್ನಾಪುರದವನು. ಅವನ ತಂದೆ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರಂತೆ.

ಕೆಲಸ ಮುಗಿದ ಮೇಲೆ ಚಾಚಾ ಆ ಜನ್ನಾಪುರದ ಹುಡುಗನನ್ನು ಹೊರಗೆ ಕರೆದು, ಒಂದು ಲೋಟ ನೀರನ್ನು ಚೌಕಟ್ಟಿನೊಳಗೆ ಸುರಿಸಿದರು. ಮೂರು ಕಂಡಿಗಳಿಂದಲೂ ನೀರು ಹೊರಗೆ ಬರುವ ತನಕ ಇಬ್ಬರೂ ಬಗ್ಗಿ ನೋಡುತ್ತ ನಿಂತರು. ಆಪಾ ಒಳಗೆ ಹೋಗಿ ಚಹಾಕ್ಕೆ ಇಟ್ಟರು.